ಬಿಚ್ಚೋಕೆ ಐದು ನಿಮಿಷ, ಕೂರ್ಸೋಕೆ ಒಂದು ಸಂಜೆ: .22 ಟಾರ್ಗೆಟ್ ಪಿಸ್ತೂಲ್ ಪ್ರಶ್ನೋತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚು ಕಮ್ಮಿ ಎಲ್ಲಾ ಒಂದೇ ಗೋಳು. ಪಿಸ್ತೂಲ್ ಕ್ಲೀನ್ ಮಾಡೋಕೆ ಬಿಚ್ಚಿದ್ದಾರೆ, ವಾಪಸ್ ಸೇರ್ಸೋಕೆ ಆಗ್ತಿಲ್ಲ, ಮೇಜಿನ ಮೇಲೆ ಬಟ್ಟೆ ಹಾಸಿ ಪಾರ್ಟ್‌ಗಳನ್ನ ಸಾಲಾಗಿ ಇಟ್ಕೊಂಡು ನಮಗೆ ಬರ್ದಿದ್ದಾರೆ. ಅದಕ್ಕೇ ಇಡೀ ಅಂಕಣ ಇದಕ್ಕೇ ಕೊಟ್ಬಿಟ್ಟೆ. ಬಿಚ್ಚೋ ಮುಂಚೆ ಮ್ಯಾಗಜೀನ್ ತೆಗೆದು, ಬೋಲ್ಟ್ (ಚೇಂಬರ್ ಹಿಂದೆ ಹಿಂದೆ ಮುಂದೆ ಓಡಾಡೋ ಉಕ್ಕಿನ ತುಂಡು) ಎಳೆದು, ಚೇಂಬರ್, ಅಂದ್ರೆ ಗುಂಡು ಕೂರೋ ಜಾಗ, ಖಾಲಿ ಇದ್ಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡ್ಕೊಂಡಿದ್ದೀರಿ, ಗುಂಡುಗಳು ಆ ರೂಮಲ್ಲೇ ಇಲ್ಲ ಅಂತ ಅಂದ್ಕೊಂಡೇ ಮುಂದಿಂದೆಲ್ಲ ಬರೀತಿದೀನಿ.

ಪ್ರಶ್ನೆ: ಸರ್, ನನ್ನ ಹತ್ರ ರೂಗರ್ ಮಾರ್ಕ್ 2 ಟಾರ್ಗೆಟ್ ಮಾಡೆಲ್ ಇದೆ, ಮೊದಲ್ನೇ ಸಲ ಪೂರ್ತಿ ಬಿಚ್ಚಿದೆ. ಬಿಚ್ಚೋವಾಗ್ಲೇ ಬ್ಯಾರಲ್ ಇರೋ ಮೇಲಿನ ಭಾಗ ಫ್ರೇಮ್ (ಹಿಡಿ ಇರೋ ಕೆಳಗಿನ ಭಾಗ) ಬಿಟ್ಟು ಬರೋಕೆ ರಬ್ಬರ್ ಸುತ್ತಿಗೇಲಿ ತಟ್ಬೇಕಾಯ್ತು. ಈಗ ವಾಪಸ್ ಕೂರ್ಸಿದ್ರೆ ಇನ್ನೊಂದೆರಡು ಮಿಲಿಮೀಟರ್ ಬಾಕಿ ಇರೋವಾಗ ನಿಂತುಬಿಡತ್ತೆ, ಬೋಲ್ಟ್ ಸ್ಟಾಪ್ ಪಿನ್ ಹಾಕೋ ತೂತು ಒಂದಕ್ಕೊಂದು ಸೇರ್ತಿಲ್ಲ. ಫ್ರೆಂಡ್ ಒಬ್ಬ ಫ್ರೇಮ್ ಮುಂದಿರೋ ಕೊಕ್ಕೆಗೆ ಸ್ವಲ್ಪ ಅರ ಹಾಕು, ಸಲೀಸಾಗಿ ಹೋಗತ್ತೆ ಅಂತಾನೆ. ಹಾಕ್ಲಾ?

ಉತ್ತರ: ಬೇಡ. ಫ್ರೆಂಡ್ ಕೈಲಿರೋ ಅರ ಮೊದ್ಲು ಈಸ್ಕೊಂಡು ಬೀರು ಒಳಗೆ ಇಟ್ಬಿಡಿ. ಯೋಚ್ನೆ ಮಾಡಿ, ಬೆಳಿಗ್ಗೆ ಅದೇ ಫ್ರೇಮ್ ಮೇಲೆ ಅದೇ ರಿಸೀವರ್ (ನೀವು ಹೇಳೋ ಮೇಲಿನ ಭಾಗ) ಕೂತಿತ್ತಲ್ವಾ, ಸಂಜೆ ಹೊತ್ತಿಗೆ ಉಕ್ಕು ಊದ್ಕೊಳ್ಳಲ್ಲ. ಅಂದ್ಮೇಲೆ ಮೆಟಲ್ ಜಾಸ್ತಿ ಆಗಿರೋದಲ್ಲ, ಏನೋ ಒಂದು ಮಧ್ಯ ಬಂದಿದೆ ಅಥವಾ ಏನೋ ಒಂದು ಓರೆಯಾಗಿದೆ.

ಕೈಗೆ ಎರಡು ಥರ ಗೊತ್ತಾಗತ್ತೆ, ಒಂದು ಬಿಗಿ ಇನ್ನೊಂದು ಸಿಕ್ಕು. ಬಿಗಿ ಅಂದ್ರೆ ಶುರುವಿಂದ ಕೊನೆತನಕ ಒಂದೇ ಸಮ ತಡೆ ಇರತ್ತೆ, ಒತ್ತಿದಷ್ಟು ಒಂದೊಂದ್ ಕೂದಲೆಳೆಯಷ್ಟು ಮುಂದೆ ಹೋಗ್ತಾ ಇರತ್ತೆ, ಅದು ಫಿಟ್ಟು, ಅದು ಇರ್ಬೇಕಾದ್ದೇ. ಸಿಕ್ಕು ಅಂದ್ರೆ ಸಲೀಸಾಗಿ ಬಂದು ಒಂದು ಜಾಗದಲ್ಲಿ ಟಕ್ ಅಂತ ನಿಲ್ಲತ್ತೆ, ಆಮೇಲೆ ಎಷ್ಟು ಒತ್ತಿದ್ರೂ ಅಲ್ಲೇ. ಬಿಗಿಗೆ ತಟ್ಬೋದು, ಸಿಕ್ಕಿಗೆ ತಟ್ಟಿದ್ರೆ ಮೆಟಲ್ ಎದ್ದು ನಿಂತ್ಕೊಳತ್ತೆ ಅಷ್ಟೇ. ನೀವು ಬರ್ದಿರೋ ಪ್ರಕಾರ ನಿಮ್ದು ಸಿಕ್ಕು.

ಈಗ ಆ ಪಿಸ್ತೂಲ್ ಹೇಗೆ ಕೂರತ್ತೆ ನೋಡಿ. ಮಾರ್ಕ್ 2 ಬಂದಿದ್ದು 1982ರಲ್ಲಿ, ಆದ್ರೆ ಅದರ ಮೂಲ ಡಿಸೈನ್ 1949ರ ರೂಗರ್ ಸ್ಟ್ಯಾಂಡರ್ಡ್ ಪಿಸ್ತೂಲಿಂದು. ರಿಸೀವರ್ ಅನ್ನೋದು ಒಂದು ಉಕ್ಕಿನ ಕೊಳವೆ, ಅದರ ಹೊಟ್ಟೆ ಕೆಳಗೆ ಒಂದು ಗುಂಡಿ, ಅಂದ್ರೆ ತಗ್ಗು, ಫ್ರೇಮ್ ಮುಂದುಗಡೆ ಇರೋ ಕೊಕ್ಕೆ ಆ ಗುಂಡಿಗೆ ಸಿಗತ್ತೆ. ರಿಸೀವರ್‌ನ ಸ್ವಲ್ಪ ಮುಂದಕ್ಕೆ ಇಟ್ಟು ಫ್ರೇಮ್ ಮೇಲೆ ಕೂರ್ಸಿ ಹಿಂದಕ್ಕೆ ಜಾರಿಸ್ಬೇಕು. ಉಕ್ಕಿನ ಫ್ರೇಮ್ ಮಾಡಿರೋದು ಪ್ರೆಸ್ ಹೊಡ್ದ ಎರಡು ಹೋಳು ತಗಡು ಸೇರ್ಸಿ ವೆಲ್ಡ್ ಮಾಡಿ, ಹಾಗಾಗಿ ಒಂದು ಪಿಸ್ತೂಲ್ ಬಿಗಿ ಇದ್ದಹಾಗೆ ಇನ್ನೊಂದು ಇರಲ್ಲ, ಒಬ್ರದ್ದು ಕೈಯಲ್ಲೇ ಬರತ್ತೆ, ಇನ್ನೊಬ್ರದ್ದು ಸುತ್ತಿಗೆ ಇಲ್ದೆ ಕದಲಲ್ಲ. ಎರಡೂ ಸರಿನೇ.

ಮಾಡ್ಬೇಕಾದ್ದು ಇಷ್ಟು. ಪೂರ್ತಿ ಹೊರಗೆ ತೆಗೀರಿ. ಕೊಕ್ಕೆ ಬುಡದ ಮೂಲೆ, ರಿಸೀವರ್ ಗುಂಡಿಯ ಒಳ ಅಂಚು, ಫ್ರೇಮ್ ಮೇಲಿನ ಎರಡೂ ಕಡೆ ಅಂಚು, ಇವನ್ನ ಟೂತ್‌ಬ್ರಷ್ ಮತ್ತೆ ಮೊನೆ ಮಾಡಿದ ಮರದ ಕಡ್ಡೀಲಿ ಕೆರೆದು ಒರ್ಸಿ. .22 ಗುಂಡಿನ ಸೀಸಕ್ಕೆ ಹೊರಗಡೆನೇ ಮೇಣ ಅಥವಾ ಗ್ರೀಸ್ ಥರದ್ದು ಸವರಿರ್ತಾರೆ, ಈ ಪಿಸ್ತೂಲ್ ಬ್ಲೋಬ್ಯಾಕ್, ಅಂದ್ರೆ ಬೋಲ್ಟ್‌ಗೆ ಬೀಗ ಇಲ್ಲ, ಖಾಲಿ ಕೇಸ್ ಹಿಂದಕ್ಕೆ ಬರೋವಾಗ ಹೊಗೆ, ಮಸಿ, ಮೇಣ, ಸೀಸದ ಪುಡಿ ಎಲ್ಲಾ ಅದರ ಜೊತೆಗೇ ರಿಸೀವರ್ ಒಳಗೆ ಬರತ್ತೆ. ಇದು ಮೂಲೇಲಿ ಕೂತು ಒಣಗಿದ್ರೆ ಕಲ್ಲು. ನೀವು ಬಿಚ್ಚೋವಾಗ ಆ ಪದರ ಕಿತ್ತು ಬಂದಿರತ್ತೆ, ವಾಪಸ್ ಹಾಕೋವಾಗ ಅದೇ ಚೂರು ಅಡ್ಡ ಸಿಕ್ಕಿರತ್ತೆ.

ನನ್ನ ಕಥೆ ಒಂದು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಒಂದ್ಸಲ ಅರ್ಧ ಗಂಟೆ ತಟ್ಟಿ ತಟ್ಟಿ ಬೆವರಿ ಕೊನೆಗೆ ಟಾರ್ಚ್ ಬಿಟ್ಟು ನೋಡಿದ್ರೆ ಕ್ಲೀನಿಂಗ್ ಬಟ್ಟೆಯ ಒಂದೇ ಒಂದು ನೂಲೆಳೆ ಕೊಕ್ಕೆ ಹಿಂದೆ ಮಡಚ್ಕೊಂಡು ಕೂತಿತ್ತು! ನೂಲು ಮೆತ್ತಗಿದ್ರೇನು, ಎರಡು ಉಕ್ಕಿನ ಮಧ್ಯ ಸಿಕ್ಕಿದ್ರೆ ಅದು ಆಪು. ಅವತ್ತಿಂದ ಟಾರ್ಚ್ ಮೊದ್ಲು, ಸುತ್ತಿಗೆ ಆಮೇಲೆ.

ಕ್ಲೀನ್ ಆದ್ಮೇಲೂ ನಿಂತ್ರೆ ಕಪ್ಪು ಮಾರ್ಕರ್ ಪೆನ್ ತಗೊಂಡು ಕೊಕ್ಕೆ ಮತ್ತೆ ಫ್ರೇಮ್ ಅಂಚಿಗೆ ಬಳೀರಿ, ಒಣಗ್ಲಿ, ಕೈಯಲ್ಲೇ ಎಷ್ಟು ಹೋಗತ್ತೋ ಅಷ್ಟು ತಳ್ಳಿ ವಾಪಸ್ ತೆಗೀರಿ. ಎಲ್ಲಿ ಉಜ್ಜಿ ಬಣ್ಣ ಹೋಗಿ ಹೊಳೀತಿದ್ಯೋ ಅಲ್ಲೇ ತಾಗ್ತಿರೋದು. ಎರಡೂ ಕಡೆ ಸಮ ಹೊಳೆದ್ರೆ ಅದು ಬಿಗಿ, ನಿಶ್ಚಿಂತೆ. ಒಂದು ಕಡೆ ಮಾತ್ರ ಹೊಳೆದ್ರೆ ನೀವು ಓರೆಯಾಗಿ ತಳ್ತಿದ್ದೀರಿ. ಹಳೇ ಮೇಜಿನ ಡ್ರಾಯರ್ ಒಂದೇ ಮೂಲೆ ಹಿಡಿದು ತಳ್ಳಿದ್ರೆ ಹೇಗೆ ಕಚ್ಕೊಳ್ಳತ್ತೆ, ಮಧ್ಯ ಹಿಡಿದು ತಳ್ಳಿದ್ರೆ ಒಂದು ಬೆರಳಲ್ಲಿ ಹೋಗತ್ತೆ, ಇಲ್ಲೂ ಅಷ್ಟೇ. ಇದೊಂದು ಅರ್ಥ ಆದ್ರೆ ಅರ್ಧ ಗೋಳು ಕಮ್ಮಿ ಆಗತ್ತೆ, ಯಾಕಂದ್ರೆ ಓರೆಯಾದಾಗ ಜೋರು ಮಾಡಿದಷ್ಟೂ ಹಿಡಿತ ಜಾಸ್ತಿ ಆಗತ್ತೆ ಹೊರತು ಮುಂದೆ ಹೋಗಲ್ಲ.

ಆಮೇಲೆ ತಟ್ಟೋದು. ನೈಲಾನ್ ಇಲ್ಲಾ ರಬ್ಬರ್ ಸುತ್ತಿಗೆ, ಕಬ್ಬಿಣದ್ದು ಆ ಮೇಜಿನ ಹತ್ರಾನೂ ಬೇಡ. ರಿಸೀವರ್ ಹಿಂದಕ್ಕೆ ಹೋಗ್ಬೇಕಲ್ವಾ, ಅದಕ್ಕೆ ತುಂಬಾ ಜನ ಬ್ಯಾರಲ್ ತುದಿಗೇ ಬಾರಿಸ್ತಾರೆ. ಆ ತುದಿಯ ಅಂಚು, ಕ್ರೌನ್ ಅಂತೀವಿ, ಗುಂಡು ಕೊನೇದಾಗಿ ಮುಟ್ಟಿ ಹೋಗೋ ಜಾಗ, ಅಲ್ಲೊಂದು ಸಣ್ಣ ಜಜ್ಜು ಬಿದ್ರೆ ಗುಂಪು, ಅಂದ್ರೆ ಟಾರ್ಗೆಟ್ ಮೇಲೆ ಒತ್ತಟ್ಟಿಗೆ ಬೀಳೋ ತೂತುಗಳು, ಚೆದುರತ್ತೆ. ಅದರ ಬದ್ಲು ದಪ್ಪ ಮರದ ತುಂಡಿನ ಮೇಲೆ ಮಡಿಸಿದ ಬಟ್ಟೆ ಇಟ್ಟು ಬ್ಯಾರಲ್ ಮುಖ ಸಪಾಟಾಗಿ ಅದಕ್ಕೆ ಆನಿಸಿ ಎರಡೂ ಕೈಯಲ್ಲಿ ಹಿಡಿ ಹಿಡ್ಕೊಂಡು ನೇರ ಒತ್ತಿ. ಇನ್ನೂ ಬೇಕಂದ್ರೆ ಸಣ್ಣದಾಗಿ ಎರಡು ಸಲ ತಟ್ಟಿ. ಬೋಲ್ಟ್ ಸ್ಟಾಪ್ ಪಿನ್ ಹೆಬ್ಬೆಟ್ಟಲ್ಲಿ ಒತ್ತಿದ್ರೆ ಮೇಲಿನ ತೂತಿಂದ ತಲೆ ಹಾಕ್ಬೇಕು, ಅದೇ ಸರಿಯಾಗಿ ಕೂತಿದ್ದಕ್ಕೆ ಗುರುತು. ಪಿನ್‌ನ ಸುತ್ತಿಗೇಲಿ ಹೊಡ್ದು ತೂತು ಸೇರ್ಸೋಕೆ ಹೋಗ್ಬೇಡಿ, ಪಿನ್ ಕೆಲಸ ಬೋಲ್ಟ್ ತಡೆಯೋದು, ರಿಸೀವರ್ ಎಳೆಯೋದಲ್ಲ.

ಅರದ ವಿಷ್ಯಕ್ಕೆ ಒಂದೇ ಮಾತು, ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರಲ್ಲ.

ಪ್ರಶ್ನೆ: ನಂದೂ ಅದೇ ಜಾತಿ ಪಿಸ್ತೂಲ್. ರಿಸೀವರ್ ಕೂತ್ಕೊಳ್ತು, ಬೋಲ್ಟೂ ಹೋಯ್ತು, ಆದ್ರೆ ಹಿಡಿ ಹಿಂದೆ ಮುಚ್ಚೋ ಮೇನ್‌ಸ್ಪ್ರಿಂಗ್ ಹೌಸಿಂಗ್ ಪೂರ್ತಿ ಮುಚ್ತಿಲ್ಲ. ಒಂದ್ಸಲ ಬಲವಂತವಾಗಿ ಮುಚ್ಚಿದೆ, ಮುಚ್ಕೊಂತು, ಆದ್ರೆ ಬೋಲ್ಟ್ ಅರ್ಧಕ್ಕೆ ಮಾತ್ರ ಹಿಂದೆ ಬರ್ತಿದೆ. ಏನು ಮುರ್ದೋಯ್ತು?

ಉತ್ತರ: ಏನೂ ಮುರ್ದಿಲ್ಲ, ಹೆದರ್ಬೇಡಿ, ಈ ಪಿಸ್ತೂಲ್ ಇಟ್ಕೊಂಡಿರೋರು ಎಲ್ರೂ ಒಂದ್ಸಲ ಇಲ್ಲಿ ಬಿದ್ದಿರ್ತಾರೆ. ಹ್ಯಾಮರ್ (ಸುತ್ತಿಗೆ ಅಲ್ಲ, ಗುಂಡು ಹಾರ್ಸೋಕೆ ಬಡಿಯೋ ಒಳಗಿನ ಭಾಗ) ಹಿಂದೆ ಒಂದು ಉದ್ದ ಕಡ್ಡಿ ನೇತಾಡ್ತಾ ಇರತ್ತೆ, ಹ್ಯಾಮರ್ ಸ್ಟ್ರಟ್ ಅಂತ. ಅದರ ತುದಿ ಹೌಸಿಂಗ್‌ನಲ್ಲಿರೋ ಸ್ಪ್ರಿಂಗ್ ಮೇಲಿನ ಬಟ್ಟಲಲ್ಲಿ ಕೂರ್ಬೇಕು. ನಿಮ್ದು ಬಟ್ಟಲು ತಪ್ಪಿ ಪಕ್ಕದಲ್ಲೆಲ್ಲೋ ಸಿಕ್ಕಿದೆ, ಅದಕ್ಕೇ ಬೋಲ್ಟ್ ಹ್ಯಾಮರ್‌ನ ಹಿಂದಕ್ಕೆ ಮಲಗ್ಸೋಕೆ ಹೋದ್ರೆ ಕಡ್ಡಿ ಅಡ್ಡ ಬಂದು ಅರ್ಧಕ್ಕೆ ನಿಲ್ತಿದೆ. ಬೋಲ್ಟ್‌ನ ಜೋರಾಗಿ ಎಳೀಬೇಡಿ. ಹೌಸಿಂಗ್ ವಾಪಸ್ ತೆಗೀರಿ.

ಇಲ್ಲಿ ಕ್ರಮನೇ ಮುಖ್ಯ, ಬಲ ಲೆಕ್ಕಕ್ಕಿಲ್ಲ. ಬೋಲ್ಟ್ ಒಳಗೆ ಹೋಗೋವಾಗ ಹ್ಯಾಮರ್ ಹಿಂದಕ್ಕೆ ಮಲಗಿರ್ಬೇಕು, ಹೌಸಿಂಗ್ ಮುಚ್ಚೋವಾಗ ಮುಂದಕ್ಕೆ ಬಿದ್ದಿರ್ಬೇಕು. ಎರಡು ಬೇರೆ ಬೇರೆ ಹೊತ್ತಿಗೆ ಎರಡು ಬೇರೆ ಬೇರೆ ಸ್ಥಿತಿ, ಇದನ್ನ ಅದಲು ಬದಲು ಮಾಡಿದ್ರೆ ಯಾವ ಪೈಲ್ವಾನ್ ಬಂದ್ರೂ ಮುಚ್ಚಲ್ಲ. ಬೋಲ್ಟ್ ಹಾಕಿ, ಹೌಸಿಂಗ್ ಮೇಲಿನ ಬೋಲ್ಟ್ ಸ್ಟಾಪ್ ಪಿನ್‌ನ ಕೆಳಗಿಂದ ತೂರಿಸಿ, ಆಮೇಲೆ ಬ್ಯಾರಲ್ ಕೆಳಗೆ ಮಾಡಿ ಟ್ರಿಗರ್ ಒತ್ತಿ, ಸ್ಪ್ರಿಂಗ್ ಬಲ ಇಲ್ಲದಿರೋದ್ರಿಂದ ಹ್ಯಾಮರ್ ತನ್ನ ಭಾರಕ್ಕೇ ಮುಂದೆ ಬೀಳತ್ತೆ. ಈಗ ಪಿಸ್ತೂಲ್‌ನ ತಿರುಗಿಸ್ತಾ ಆ ಕಡ್ಡಿ ತಡೆ ಇಲ್ದೆ ತೂಗಾಡೋ ಹಾಗೆ ಹಿಡ್ಕೊಳ್ಳಿ, ಹೌಸಿಂಗ್‌ನ ಮೆಲ್ಲಗೆ ಒಳಗೆ ಮಡಚ್ತಾ ಬನ್ನಿ, ಸಂದಿಯಿಂದ ಟಾರ್ಚ್ ಬಿಟ್ಟು ಕಡ್ಡಿ ತುದಿ ಬಟ್ಟಲಿಗೆ ಬಂತಾ ನೋಡಿ. ಬಂದಿದ್ರೆ ಕೊನೇ ಸ್ವಲ್ಪದಲ್ಲಿ ಸ್ಪ್ರಿಂಗಿನ ತಡೆ ಕೈಗೆ ಸಿಗತ್ತೆ, ಅದು ಒಳ್ಳೇ ತಡೆ, ಒತ್ತಿದ್ರೆ ವಾಪಸ್ ಒತ್ತತ್ತೆ. ಏನೂ ತಡೆನೇ ಇಲ್ದೆ ಮುಚ್ಕೊಂಡ್ರೂ ಅನುಮಾನ ಪಡಿ, ಕಲ್ಲಿನ ಥರ ನಿಂತ್ರೂ ಅನುಮಾನ ಪಡಿ.

ಮಾರ್ಕ್ 3 ಇರೋರಿಗೆ ಇನ್ನೊಂದು ಕಿರಿಕಿರಿ, ಮ್ಯಾಗಜೀನ್ ಒಳಗಿಲ್ದೆ ಟ್ರಿಗರ್ ಒತ್ತಿದ್ರೆ ಹ್ಯಾಮರ್ ಬೀಳಲ್ಲ. ಹಾಗಾಗಿ ಖಾಲಿ ಮ್ಯಾಗಜೀನ್ ಹಾಕಿ, ಟ್ರಿಗರ್ ಒತ್ತಿ, ಮ್ಯಾಗಜೀನ್ ತೆಗೆದು, ಆಮೇಲೆ ಹೌಸಿಂಗ್ ಮುಚ್ಚಿ. ಖಾಲಿ ಅಂತ ಮತ್ತೆ ಹೇಳ್ತಿದೀನಿ. ಮುಚ್ಚಾದ್ಮೇಲೆ ಬೋಲ್ಟ್ ಪೂರ್ತಿ ಹಿಂದಕ್ಕೆ ಬಂದ್ರೆ ಗೆದ್ರಿ.

ಪ್ರಶ್ನೆ: ಇಷ್ಟೆಲ್ಲಾ ಕಷ್ಟ ಯಾಕೆ ಅಂತ ಮಾರ್ಕ್ 4 ತಗೊಂಡೋರು ನಗ್ತಾರಲ್ಲ ಸರ್?

ಉತ್ತರ: ನಗ್ಲಿ ಬಿಡಿ, ನಗೋಕೆ ಅವರಿಗೆ ಹಕ್ಕಿದೆ. 2016ರಲ್ಲಿ ಅದು ಬಂದಾಗ ಹಿಂದೆ ಒಂದು ಬಟನ್ ಕೊಟ್ರು, ಒತ್ತಿದ್ರೆ ಮೇಲಿನ ಭಾಗ ಮುಂದಿನ ಕೀಲಿನ ಮೇಲೆ ಎತ್ಕೊಳ್ಳತ್ತೆ, ಮುಂದೆ ಕೊಕ್ಕೆ ಸಿಗಿಸಿ ಹಿಂದೆ ಅದುಮಿದ್ರೆ ಮುಗೀತು. ಹಳೇದನ್ನ ಜೋಡ್ಸೋಕೆ ಬರೋವನಿಗೆ ಇರೋ ಜಂಬ ಮಾತ್ರ ಅವರಿಗೆ ಸಿಗಲ್ಲ.

ಪ್ರಶ್ನೆ: ಹ್ಯಾಮರ್ ಪಿನ್ ಹೊರಗೆ ತೆಗ್ದೆ, ಈಗ ಮುಕ್ಕಾಲು ಹೋಗಿ ನಿಲ್ತಿದೆ. ಪಂಚ್ ಇಟ್ಟು ಹೊಡೀಲಾ? ಬೇರೆ ಕಂಪ್ನಿ ಪಿಸ್ತೂಲ್, ಆದ್ರೆ ಪ್ರಶ್ನೆ ಎಲ್ಲದಕ್ಕೂ ಒಂದೇ ಅಂದ್ಕೊಂಡಿದೀನಿ.

ಉತ್ತರ: ಸರಿಯಾಗೇ ಅಂದ್ಕೊಂಡಿದೀರಿ. ಮುಕ್ಕಾಲು ಹೋಗಿ ನಿಂತ್ರೆ ಪಿನ್ ದಪ್ಪ ಆಗಿದೆ ಅಂತಲ್ಲ, ಆಚೆ ಕಡೆ ತೂತು ಪಿನ್ ಎದುರಿಗಿಲ್ಲ ಅಂತ. ಒಳಗಿರೋ ಹ್ಯಾಮರ್ ಅಥವಾ ಸ್ಪ್ರಿಂಗು ಸ್ವಲ್ಪ ಜಾರಿರತ್ತೆ. ಪಿನ್ ತೆಗೆದು ಆಚೆ ಕಡೆಯಿಂದ ಬೆಳಕು ಬಿಟ್ಟು ನೋಡಿ, ತೂತು ಪೂರ್ಣ ಚಂದ್ರನ ಥರ ಕಂಡ್ರೆ ಸರಿ, ಬಿದಿಗೆ ಚಂದ್ರನ ಥರ ಕಂಡ್ರೆ ಇನ್ನೂ ಓರೆ. ತುದಿ ಸಣ್ಣಗಿರೋ ಪಂಚ್ ಒಂದನ್ನ ಆಚೆಯಿಂದ ಹಾಕಿ ಆಡಿಸ್ತಾ ತೂತುಗಳನ್ನ ಒಂದೇ ಸಾಲಿಗೆ ತನ್ನಿ, ಈಚೆಯಿಂದ ಪಿನ್ ತಳ್ತಾ ಬಂದಹಾಗೆ ಪಂಚ್ ತಾನೇ ಹಿಂದೆ ಸರಿಯತ್ತೆ. ಹ್ಯಾಮರ್, ಸ್ಪ್ರಿಂಗ್, ವಾಷರ್ ಎಲ್ಲಾ ಒಟ್ಟಿಗೆ ಹಿಡ್ಕೊಳ್ಳೋಕೆ ಮೂರನೇ ಕೈ ಬೇಕು ಅನ್ಸಿದ್ರೆ, ಹ್ಯಾಮರ್ ಅಗಲದಷ್ಟೇ ಉದ್ದದ ಒಂದು ಗಿಡ್ಡ ಪಿನ್ ಮಾಡ್ಕೊಂಡು ಅದರಲ್ಲಿ ಎಲ್ಲಾ ಪೋಣಿಸಿ ಫ್ರೇಮ್ ಒಳಗೆ ಇಳಿಸಿ, ನಿಜವಾದ ಪಿನ್ ಅದನ್ನ ತಳ್ಕೊಂಡು ಹೋಗಿ ಆಚೆ ಬೀಳ್ಸತ್ತೆ. ಇದನ್ನ ಕಂಡುಹಿಡ್ದ ಪುಣ್ಯಾತ್ಮ ಯಾರೋ, ದಿನಾ ನೆನೀತೀನಿ.

ಒಂದು ನೋಡ್ಕೊಳ್ಳಿ, ಕೆಲವು ಪಿನ್ ಎರಡು ತುದಿಯೂ ಒಂದೇ ಥರ ಇರಲ್ಲ, ಒಂದು ಕಡೆ ಗೀರು ಅಥವಾ ಕೊಂಚ ದಪ್ಪ ಇರತ್ತೆ, ಅದು ಕೊನೇಲಿ ಕಚ್ಕೊಂಡು ಬೀಳ್ದೇ ಇರ್ಲಿ ಅಂತ ಬೇಕಂತ್ಲೇ ಮಾಡಿರೋದು. ಅಂಥದ್ದು ಯಾವ ಕಡೆಯಿಂದ ಬಂತೋ ಆ ಕಡೆಯಿಂದ್ಲೇ ಹೋಗ್ಬೇಕು. ಬಿಚ್ಚೋವಾಗ ಪ್ರತಿ ಹೆಜ್ಜೆಗೂ ಫೋಟೋ ತೆಗೀರಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇ. ಹೊಡೀಲೇಬೇಕು ಅಂದ್ರೆ ಹಿತ್ತಾಳೆ ಪಂಚ್, ಕಡೇ ಒಂದು ಮಿಲಿಮೀಟರ್‌ಗೆ ಮಾತ್ರ, ಫ್ರೇಮ್ ಕೆಳಗೆ ತೂತಿರೋ ಮರದ ಆಧಾರ ಕೊಟ್ಟು. ಕಣ್ಣಿಗೆ ಕನ್ನಡಕ ಹಾಕಿ, ಸ್ಪ್ರಿಂಗ್ ಯಾವಾಗ ಎಲ್ಲಿಗೆ ಹಾರತ್ತೆ ಅಂತ ಹೇಳಕ್ಕಾಗಲ್ಲ.

ಪ್ರಶ್ನೆ: ಒಂದು ಭಾಗ ಬಿಸಿ ಮಾಡಿ ಇನ್ನೊಂದು ಫ್ರೀಜರಲ್ಲಿಟ್ರೆ ಸಲೀಸಾಗಿ ಸೇರತ್ತೆ ಅಂತ ಯಾರೋ ಹೇಳಿದ್ರು?

ಉತ್ತರ: ಬೇರಿಂಗ್ ಕೂರ್ಸೋರು ಹಾಗೆ ಮಾಡ್ತಾರೆ, ಅಲ್ಲಿ ಲೆಕ್ಕ ಬೇರೆ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗತ್ತೆ. ನಿಮ್ಮ ಭಾಗ 20 ಮಿಲಿಮೀಟರ್ ಅಗಲ ಇದೆ ಅಂದ್ಕೊಳ್ಳಿ, 50 ಡಿಗ್ರಿ ವ್ಯತ್ಯಾಸ ಮಾಡಿದ್ರೆ ಸಿಗೋದು 12 ಮೈಕ್ರಾನ್, ಅಂದ್ರೆ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತ ಚೂರು ಜಾಸ್ತಿ. ಮಧ್ಯ ಇರೋ ಮಸಿ ಪದರ ಅದಕ್ಕಿಂತ ದಪ್ಪ ಇರತ್ತೆ. ಮೇಲಾಗಿ ಫ್ರೀಜರಿಂದ ತೆಗೆದ ಉಕ್ಕಿನ ಮೇಲೆ ನೀರು ಬೆವರತ್ತೆ, ತುಕ್ಕಿಗೆ ನೀವೇ ಕೈಯಾರೆ ಕಾಗದ ಬರ್ದು ಕರೆದ ಹಾಗೆ. ಕೈಯಲ್ಲೇ ಜಾರೋ ಹಾಗೆ ಜೋಡ್ಸಿರೋ ಪಾರ್ಟ್‌ಗಳಿಗೆ ಇದು ಬೇಡ.

ಪ್ರಶ್ನೆ: ಎಣ್ಣೆ ಜಾಸ್ತಿ ಹಾಕಿದ್ರೆ ಜಾರಲ್ವಾ?

ಉತ್ತರ: ಒಂದು ತೊಟ್ಟು ಜಾರತ್ತೆ, ಹತ್ತು ತೊಟ್ಟು ತಡೆಯತ್ತೆ. ತಳ ಮುಚ್ಚಿರೋ ತೂತಿಗೆ ಸ್ಕ್ರೂ ಅಥವಾ ಪ್ಲಂಜರ್ ಹಾಕೋವಾಗ ತಳದಲ್ಲಿ ಎಣ್ಣೆ ನಿಂತಿದ್ರೆ ಅದು ಎಲ್ಲಿಗೂ ಹೋಗಕ್ಕಾಗಲ್ಲ, ಎಣ್ಣೆ ಅದುಮಿದ್ರೆ ಕುಗ್ಗೋದೂ ಇಲ್ಲ, ಹಾಗಾಗಿ ಕೊನೇ ಅರ್ಧ ಸುತ್ತು ಬರಲ್ಲ, ನೀವು ಸ್ಕ್ರೂ ಬಿಗಿ ಆಯ್ತು ಅಂದ್ಕೊಂಡು ಬಿಡ್ತೀರಿ, ನಾಲ್ಕು ದಿನಕ್ಕೆ ಎಣ್ಣೆ ಸೋರಿ ಸ್ಕ್ರೂ ಸಡಿಲ. ಬಟ್ಟೆ ಕಡ್ಡೀಲಿ ತೂತು ಒರ್ಸಿ ಆಮೇಲೆ ಹಾಕಿ. ಫ್ರೇಮ್ ಮತ್ತೆ ರಿಸೀವರ್ ಮಧ್ಯ ಬೆರಳ ತುದಿಗೆ ಅಂಟಿದಷ್ಟು ಗ್ರೀಸ್ ಸವರಿದ್ರೆ ಸಾಕು, ಮುಂದಿನ ಸಲ ಬಿಚ್ಚೋವಾಗ ಥ್ಯಾಂಕ್ಸ್ ಹೇಳ್ತೀರಿ. ಚೇಂಬರ್ ಒಳಗೆ ಮಾತ್ರ ಎಣ್ಣೆ ಬಿಡ್ಬೇಡಿ, ಒಣಗಿರ್ಲಿ.

ಪ್ರಶ್ನೆ: ನಂದು ಮ್ಯಾಚ್ ಪಿಸ್ತೂಲ್, ಮರದ ಅನಾಟಮಿಕಲ್ ಗ್ರಿಪ್ (ಕೈ ಆಕಾರಕ್ಕೆ ಕೆತ್ತಿದ ಹಿಡಿ). ಮೆಟಲ್ ಎಲ್ಲಾ ಸರಿಯಾಗಿ ಕೂತಿದೆ, ಗ್ರಿಪ್ ಮಾತ್ರ ಫ್ರೇಮ್ ಮೇಲೆ ಹತ್ತೋದೇ ಇಲ್ಲ. ಸ್ಕ್ರೂ ಹಾಕಿ ಎಳೆದ್ರೆ ಬರಬಹುದಾ?

ಉತ್ತರ: ಎಳೆದ್ರೆ ಬರತ್ತೆ, ಆಮೇಲೆ ಸೀಳತ್ತೆ. ಮರ ತೇವ ಕುಡಿದ್ರೆ ಎಳೆಗೆ ಅಡ್ಡವಾಗಿ ಊದ್ಕೊಳ್ಳತ್ತೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಮೇಲಿನ ಪತ್ರದಲ್ಲಿ ಉಕ್ಕು ಊದಲ್ಲ ಅಂದೆ, ಇಲ್ಲಿ ನಿಜವಾಗ್ಲೂ ಊದಿದೆ. ಮೊದ್ಲು ಎರಡು ಮೂರು ದಿನ ಒಣ ಜಾಗದಲ್ಲಿ ಸುಮ್ನೆ ಇಡಿ, ಬಿಸಿಲಿಗೂ ಬೇಡ ಹೇರ್ ಡ್ರೈಯರೂ ಬೇಡ, ಅರ್ಧ ಸಮಸ್ಯೆ ತಾನೇ ಹೋಗ್ಬೋದು. ಹೋಗ್ಲಿಲ್ಲ ಅಂದ್ರೆ ಫ್ರೇಮ್ ಅಂಚಿಗೆ ಲಿಪ್‌ಸ್ಟಿಕ್ ತೆಳ್ಳಗೆ ಸವರಿ (ಮನೇಲಿ ಕೇಳಿ ತಗೊಳ್ಳಿ, ಆಮೇಲೆ ನನ್ನ ಹೆಸರು ಹೇಳ್ಬೇಡಿ), ಗ್ರಿಪ್ ಒತ್ತಿ ತೆಗೀರಿ, ಒಳಗೆ ಎಲ್ಲಿ ಬಣ್ಣ ಹತ್ತಿದ್ಯೋ ಅಷ್ಟನ್ನೇ ಸಣ್ಣ ಎಮ್ರಿ ಪೇಪರಲ್ಲಿ ಎರಡೆಳೆ ಉಜ್ಜಿ, ಮತ್ತೆ ನೋಡಿ. ಇಡೀ ಪಿಸ್ತೂಲಲ್ಲಿ ಉಜ್ಜೋಕೆ ನಾನು ಪರ್ಮಿಷನ್ ಕೊಡೋ ಜಾಗ ಇದೊಂದೇ. ಉಜ್ಜಿದ್ಮೇಲೆ ಹೊರಗಿನ ಅಳತೆ ಕೂಡ ಒಂದ್ಸಲ ನೋಡಿ, ನೀವು ಮರದ ಪುಟ್ಟಿ ಹಚ್ಚಿ ಗ್ರಿಪ್ ಬೆಳೆಸಿದ್ದೀರಿ ಅಂತ ಬರ್ದಿದ್ದೀರಿ, 25 ಮೀಟರ್ ಪಂದ್ಯದಲ್ಲಿ ಪಿಸ್ತೂಲ್ ಪೂರ್ತಿ 300 ಇಂಟು 150 ಇಂಟು 50 ಮಿಲಿಮೀಟರ್ ಡಬ್ಬೀಲಿ ಹಿಡೀಬೇಕು.

ಪ್ರಶ್ನೆ: ನಂದು ಉಲ್ಟಾ. ವರ್ಷಗಟ್ಲೆ ಬಿಚ್ಚಿ ಬಿಚ್ಚಿ ರಿಸೀವರ್ ಈಗ ಕೈಯಲ್ಲೇ ಜಾರಿ ಬರತ್ತೆ, ಸ್ವಲ್ಪ ಅಲ್ಲಾಡತ್ತೆ ಕೂಡ. ಗುರಿ ಹಾಳಾಗಿದ್ಯಾ?

ಉತ್ತರ: ಗುಂಪು ಹಾಳಾಗಿದ್ಯಾ ಅಂತ ಟಾರ್ಗೆಟ್ ಪೇಪರ್ ಕೇಳಿ, ನನ್ನ ಕೇಳ್ಬೇಡಿ. ಯಾಕಂದ್ರೆ ರೂಗರ್ ಥರದ ಪಿಸ್ತೂಲಲ್ಲಿ ಬ್ಯಾರಲ್ಲು, ಮುಂದಿನ ಸೈಟು, ಹಿಂದಿನ ಸೈಟು ಮೂರೂ ಮೇಲಿನ ಭಾಗದ ಮೇಲೇ ಇವೆ, ಬೋಲ್ಟ್ ಕೂಡ ಅದರೊಳಗೇ ಓಡಾಡತ್ತೆ. ಹಾಗಾಗಿ ಕೆಳಗೆ ಫ್ರೇಮ್ ಕೂದಲೆಳೆ ಅಲ್ಲಾಡಿದ್ರೂ ಸೈಟಿಗೂ ಬ್ಯಾರಲ್‌ಗೂ ಇರೋ ಸಂಬಂಧ ಕೆಡಲ್ಲ. ಕೈಗೆ ಟ್ರಿಗರ್ ಒತ್ತೋವಾಗ ಸ್ವಲ್ಪ ಮಿಸುಕಿದ ಹಾಗೆ ಅನ್ಸತ್ತೆ, ಅದು ಮನಸ್ಸಿಗೆ ಕಿರಿಕಿರಿ ಮಾಡತ್ತೆ, ಮನಸ್ಸು ಕೆಟ್ರೆ ಗುಂಪೂ ಕೆಡತ್ತೆ, ಅದು ಬೇರೆ ಮಾತು. ಹೌಸಿಂಗ್ ಲ್ಯಾಚ್ ಸರಿಯಾಗಿ ಬೀಳ್ತಿದ್ಯಾ ನೋಡ್ಕೊಳ್ಳಿ, ಅದೂ ಸಡಿಲ ಅಂದ್ರೆ ಗನ್‌ಸ್ಮಿತ್ ಹತ್ರ ಹೋಗಿ. ಕೊಕ್ಕೆ ಜಜ್ಜಿ ಬಿಗಿ ಮಾಡೋ ಐಡಿಯಾ ಯಾರಾದ್ರೂ ಕೊಟ್ರೆ ಆ ಅರದ ಫ್ರೆಂಡ್‌ಗೂ ಅವರಿಗೂ ಪರಿಚಯ ಮಾಡಿಸಿ.

ಇನ್ನೊಂದು, ಪ್ರತಿ ಸಲ ರೇಂಜಿಂದ ಬಂದು ಪೂರ್ತಿ ಬಿಚ್ತೀರಿ ಅಂತ ಬರ್ದಿದ್ದೀರಿ. ಯಾಕೆ? ಬೋಲ್ಟ್ ಮುಖ, ಚೇಂಬರ್, ಖಾಲಿ ಕೇಸ್ ಎಳೆಯೋ ಎಕ್ಸ್‌ಟ್ರಾಕ್ಟರ್ ಕೊಕ್ಕೆ ಬ್ರಷ್‌ನಲ್ಲಿ ಕ್ಲೀನ್ ಮಾಡಿದ್ರೆ ಬಹುಪಾಲು ದಿನ ಸಾಕು.

ಪ್ರಶ್ನೆ: ಜೋಡ್ಸಾದ್ಮೇಲೆ ಖಾಲಿ ಟ್ರಿಗರ್ ಒತ್ತಿ ಟೆಸ್ಟ್ ಮಾಡ್ಬೋದಾ? ರಿಮ್‌ಫೈರ್‌ನಲ್ಲಿ ಡ್ರೈ ಫೈರ್ ಮಾಡ್ಬಾರ್ದು ಅಂತಾರೆ.

ಉತ್ತರ: ಹೇಳೋದು ಸುಮ್ನೆ ಅಲ್ಲ. ರಿಮ್‌ಫೈರ್‌ನಲ್ಲಿ ಫೈರಿಂಗ್ ಪಿನ್ ಹೊಡೆಯೋದು ಕೇಸಿನ ಅಂಚಿಗೆ, ಕೇಸ್ ಇಲ್ದೇ ಇದ್ರೆ ಕೆಲವು ಪಿಸ್ತೂಲಲ್ಲಿ ಅದು ನೇರ ಚೇಂಬರ್ ಅಂಚಿಗೇ ಬಡಿಯತ್ತೆ, ಅಲ್ಲಿ ಒಂದು ಗುಳಿ ಬಿದ್ದು ಮೆಟಲ್ ಒಳಗೆ ಉಬ್ಬಿ ಆಮೇಲೆ ಗುಂಡು ಹೋಗಲ್ಲ, ಹೋದ್ರೆ ಬರಲ್ಲ. ರೂಗರ್ ಬೋಲ್ಟ್ ಒಳಗೆ ಫೈರಿಂಗ್ ಪಿನ್ ಸ್ಟಾಪ್ ಅಂತ ಒಂದು ಚಿಕ್ಕ ಅಡ್ಡ ಪಿನ್ ಇದೆ, ಪಿನ್ ಅಷ್ಟು ಮುಂದೆ ಹೋಗ್ದಂತೆ ಅದು ತಡೆಯತ್ತೆ. ಬೋಲ್ಟ್ ಕೂಡ ಬಿಚ್ಚಿ ಜೋಡ್ಸಿದ್ರೆ ಆ ಚಿಕ್ಕ ಪಿನ್ ವಾಪಸ್ ಹಾಕಿದೀರಾ ಅಂತ ಎರಡ್ ಸಲ ನೋಡಿ, ಮೇಜಿನ ಮೇಲೆ ಒಂದು ಪುಟಾಣಿ ಪಿನ್ ಉಳ್ಕೊಂಡಿದ್ರೆ ಹೆಚ್ಚಾಗಿ ಅದೇ ಇರತ್ತೆ. ಉಳ್ಕೊಂಡಿದ್ರೆ ಮತ್ತೆ ಬಿಚ್ಚಿ, ಬೇರೆ ದಾರಿ ಇಲ್ಲ.

ಟೆಸ್ಟ್‌ಗೆ ಪ್ಲಾಸ್ಟಿಕ್ ಡಮ್ಮಿ ಗುಂಡು ಹಾಕಿ ಒಂದೆರಡು ಸಲ ಒತ್ತಿ ಸಾಕು. ಬ್ಯಾರಲ್ ಸುರಕ್ಷಿತ ದಿಕ್ಕಿಗಿರ್ಲಿ, ಬೋಲ್ಟ್ ಪೂರ್ತಿ ಹಿಂದೆ ಬರ್ತಿದ್ಯಾ, ಬಿಟ್ರೆ ತಾನೇ ಮುಂದೆ ಹೋಗಿ ಕೂರ್ತಿದ್ಯಾ, ಸೇಫ್ಟಿ ಹಾಕಿದಾಗ ಟ್ರಿಗರ್ ಒತ್ತಿದ್ರೆ ಹ್ಯಾಮರ್ ಬೀಳ್ತಿಲ್ವಾ, ಇವು ನೋಡಿ. ರೇಂಜಲ್ಲಿ ಮೊದಲ ಸಲ ಮ್ಯಾಗಜೀನಿಗೆ ಒಂದೇ ಗುಂಡು, ಆಮೇಲೆ ಎರಡು, ಎಲ್ಲಾ ಸರಿ ಇದ್ರೆ ಆಮೇಲೆ ತುಂಬ್ಸಿ. ಊಟಕ್ಕೆ ಕೂರೋ ಮುಂಚೆ ಸೋಪ್ ಹಾಕಿ ಕೈ ತೊಳೀರಿ, ಆ ಕಪ್ಪು ಮಸೀಲಿ ಸೀಸ ಇದೆ. ಬಟ್ಟೆ ಕೊಡವೋ ಮುಂಚೆ ಇನ್ನೊಂದ್ಸಲ ಸ್ಪ್ರಿಂಗ್ ಎಲ್ಲಾ ಲೆಕ್ಕ ಮಾಡಿ.